ಎರಡನೇ ಸಲ ಕರೆದಾಗ ತಪ್ಪದೆ ಬನ್ನಿ: ಬಾಣಂತನ ಮಾಡುವ ಆಯಿಗಳಿಗೆ ಒಂದು ಬಹಿರಂಗ ಪತ್ರ

ಬೆಳಗಾವಿಯ ಗಲ್ಲಿಗಳ, ಖಾನಾಪುರ ಸೀಮೆಯ ಹಳ್ಳಿಗಳ ಎಲ್ಲ ಆಯಿಗಳಿಗೆ, ಅಜ್ಜಿಯಂದಿರಿಗೆ, ಬಾಣಂತಿಯ ಅವ್ವಂದಿರಿಗೆ,

ಆಗತಾನೆ ಹುಟ್ಟಿದ ಕೂಸುಗಳ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಮನೆ ಬೆಳಗಾವಿಯ ಕೋಟೆ ಭಾಗದಲ್ಲಿ. ಕೋಟೆ ಕೆರೆಯ ಕಡೆಯಿಂದ ಸಿವಿಲ್ ಆಸ್ಪತ್ರೆಯತ್ತ ಹೋಗುವಾಗ ನೀವು ಕಾಣುತ್ತೀರಿ. ಒಂದು ಕೈಯಲ್ಲಿ ಬಿಸಿನೀರಿನ ಥರ್ಮಾಸು, ಇನ್ನೊಂದರಲ್ಲಿ ಮಗಳ ಬಟ್ಟೆಯ ಚೀಲ, ತಲೆ ಮೇಲೆ ಸೆರಗು. ಈ ಪತ್ರವನ್ನು ಕೂಸಿನ ಅಪ್ಪನಿಗೆ ಬರೆಯಬಹುದಿತ್ತು. ಆದರೆ ಹೆರಿಗೆಯಾದ ಮೇಲೆ ಮೂರು ತಿಂಗಳು, ಕೆಲವು ಮನೆಗಳಲ್ಲಿ ಐದು ತಿಂಗಳು, ಕೂಸು ಬೆಳೆಯುವುದು ನಿಮ್ಮ ಮಡಿಲಲ್ಲಿ. ಎಣ್ಣೆ ಹಚ್ಚಿ ಎರೆಯುವವರು ನೀವು, ಹೊಗೆ ಹಾಕುವವರು ನೀವು, ಬಜೆ ತೇಯುವವರು ನೀವು. ದವಾಖಾನೆಗೆ ಹೋಗಬೇಕೋ ಬೇಡವೋ ಎಂಬ ಮಾತು ಬಂದಾಗ ಮನೆಯವರೆಲ್ಲ ನೋಡುವುದು ನಿಮ್ಮ ಮುಖವನ್ನೇ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಕೇಳಿಕೊಳ್ಳುವುದು ಇಷ್ಟೇ. ಹೆರಿಗೆ ವಾರ್ಡಿನಲ್ಲಿ ಮೊದಲ ಕಿವಿ ಪರೀಕ್ಷೆ ಆದಾಗ ಮಶಿನ್ನಿನ ಮೇಲೆ ‘ರೆಫರ್’ ಎಂದು ಬಂದರೆ ಎದೆ ಒಡೆದುಕೊಳ್ಳಬೇಡಿ. ಹಾಗೆಂದು ಆ ಚೀಟಿಯನ್ನು ಮಡಚಿ ಮರೆಯಲೂ ಬೇಡಿ. ಕೂಸಿನ ಕಿವಿ ಹುಟ್ಟಿದ ದಿನ ಇದ್ದಂತೆ ಮೂರನೇ ದಿನ ಇರುವುದಿಲ್ಲ, ಮೂರನೇ ದಿನ ಇದ್ದಂತೆ ತಿಂಗಳಿಗೆ ಇರುವುದಿಲ್ಲ. ಎರಡನೇ ಸಲ ಕರೆಯುವುದು ಈ ಕಾರಣಕ್ಕೆ.

ಒಂಬತ್ತು ತಿಂಗಳು ಕೂಸು ನೀರಿನಲ್ಲಿ ಇರುತ್ತದೆ ಎಂಬುದು ನಿಮಗೆ ಗೊತ್ತು. ಕಿವಿಯೊಳಗೂ ನೀರೇ. ಒಳಕಿವಿ ಆರೇಳನೇ ತಿಂಗಳಿನಿಂದಲೇ ಕೆಲಸ ಶುರು ಮಾಡಿರುತ್ತದೆ. ನಿಮ್ಮ ಮಗಳ ದನಿ, ಅವಳ ಎದೆಬಡಿತ, ಹೊರಗಿನ ಗದ್ದಲ ಎಲ್ಲವೂ ಮಂದವಾಗಿ ಕೂಸಿಗೆ ಮುಟ್ಟುತ್ತಿರುತ್ತವೆ. ಹುಟ್ಟಿದ ಕ್ಷಣದಲ್ಲಿ ಮೂಗು, ಬಾಯಿ ಒರೆಸಿ ಉಸಿರಿಗೆ ದಾರಿ ಮಾಡುತ್ತಾರೆ. ಕಿವಿಯನ್ನು ಹಾಗೆ ಯಾರೂ ಒರೆಸುವುದಿಲ್ಲ, ಒರೆಸಲೂ ಬಾರದು. ಕೂಸಿನ ಮೈಗೆ ಅಂಟಿರುವ ಬೆಣ್ಣೆಯಂಥ ಬಿಳಿ ಜಿಡ್ಡು ಹೊರಕಿವಿಯ ಸಣ್ಣ ದಾರಿಯಲ್ಲೂ ತುಂಬಿರುತ್ತದೆ. ಅದರಾಚೆ ಕಿವಿಯ ತಮಟೆ. ತಮಟೆಯ ಹಿಂದೆ ನಡುಕಿವಿ ಎಂಬ ಸಣ್ಣ ಕೋಣೆ. ಅಲ್ಲಿ ಗಾಳಿ ಇರಬೇಕು, ಮೂರು ಎಳ್ಳುಕಾಳಿನಂಥ ಮೂಳೆಗಳು ಸಲೀಸಾಗಿ ಅಲುಗಬೇಕು. ಹುಟ್ಟಿದ ಹೊತ್ತಿನಲ್ಲಿ ಆ ಕೋಣೆಯಲ್ಲೂ ಗರ್ಭದ ನೀರು ಇನ್ನೂ ಉಳಿದಿರುತ್ತದೆ.

ಮಳೆಗಾಲದಲ್ಲಿ ತೊಯ್ದ ಹಲಗೆಯನ್ನು ಬಡಿದು ನೋಡಿದವರಿದ್ದೀರಿ. ಚರ್ಮ ಹರಿದಿಲ್ಲ, ಕಟ್ಟು ಸಡಿಲಾಗಿಲ್ಲ, ಆದರೂ ದನಿ ಏಳುವುದಿಲ್ಲ. ಬೆಂಕಿಗೆ ಹಿಡಿದು ಕಾಯಿಸಿದ ಮೇಲೆ ಅದೇ ಹಲಗೆ ಊರಿಗೆಲ್ಲ ಕೇಳುತ್ತದೆ. ಮೊದಲ ದಿನದ ಕಿವಿಯೂ ಹಾಗೆ. ಅದನ್ನು ಒಣಗಿಸಲು ಬೆಂಕಿ ಬೇಡ, ನಿಮ್ಮ ಕೈಯೂ ಬೇಡ. ಕೂಸು ಅಳುತ್ತದೆ, ಆಕಳಿಸುತ್ತದೆ, ಹಾಲು ಚೀಪಿ ನುಂಗುತ್ತದೆ. ಪ್ರತಿ ನುಂಗುವಿಕೆಗೂ ಗಂಟಲಿನಿಂದ ನಡುಕಿವಿಗೆ ಹೋಗುವ ಸಣ್ಣ ಕೊಳವೆ ತೆರೆದುಕೊಂಡು ಗಾಳಿ ಒಳಗೆ ಹೋಗುತ್ತದೆ, ನೀರು ಇಳಿಯುತ್ತದೆ, ಉಳಿದದ್ದನ್ನು ಮೈಯೇ ಹೀರಿಕೊಳ್ಳುತ್ತದೆ. ಕೆಲವು ಕೂಸುಗಳಲ್ಲಿ ಇದು ಒಂದು ಹಗಲಿನಲ್ಲಿ ಮುಗಿಯುತ್ತದೆ, ಕೆಲವದರಲ್ಲಿ ದಿನಗಳು ಹಿಡಿಯುತ್ತವೆ.

ಈಗ ಮೊದಲ ಪರೀಕ್ಷೆಯ ಮಾತು. ನಾವು ಕೂಸಿನ ಕಿವಿಯಲ್ಲಿ ಮೆತ್ತನೆಯ ರಬ್ಬರಿನ ತುದಿಯ ಒಂದು ಬಿರಡೆ ಇಡುತ್ತೇವೆ. ಅದರಿಂದ ಟಿಕ್ ಟಿಕ್ ಎಂಬ ಸಣ್ಣ ಸದ್ದು ಒಳಗೆ ಹೋಗುತ್ತದೆ. ಒಳಕಿವಿಯಲ್ಲಿ ಶಂಖದಂತೆ ಸುತ್ತಿಕೊಂಡ ಕಾಕ್ಲಿಯಾ ಇದೆ, ಅದರೊಳಗೆ ಕೂದಲಿನಂಥ ಎಳೆಗಳಿರುವ ಕೋಶಗಳಿವೆ. ಚೆನ್ನಾಗಿರುವ ಕಿವಿಯಲ್ಲಿ ಈ ಕೋಶಗಳು ಸದ್ದು ಬಂದ ಕೂಡಲೇ ತಾವೂ ಕುಣಿದು, ಬಹಳ ಸಣ್ಣ ಸದ್ದೊಂದನ್ನು ಹೊರಕ್ಕೆ ಕಳಿಸುತ್ತವೆ. ಕಿವಿ ಬರೀ ಕೇಳುವುದಲ್ಲ, ಮರುದನಿಯನ್ನೂ ಕೊಡುತ್ತದೆ ಎಂಬುದನ್ನು ಲಂಡನ್ನಿನ ಡೇವಿಡ್ ಕೆಂಪ್ ಎಂಬ ವಿಜ್ಞಾನಿ 1978ರಲ್ಲಿ ತೋರಿಸಿಕೊಟ್ಟರು. ಮೊದಮೊದಲು ಬಹಳ ಜನ ನಂಬಲಿಲ್ಲ. ಇಂದು ನಾವು ಓಎಇ ಎಂದು ಕರೆಯುವ ಪರೀಕ್ಷೆ ನಿಂತಿರುವುದು ಆ ಮರುದನಿಯ ಮೇಲೆಯೇ. ಕೂಸಿಗೆ ಸೂಜಿ ಇಲ್ಲ, ಔಷಧ ಇಲ್ಲ, ನೋವು ಇಲ್ಲ. ಕೂಸು ಸುಮ್ಮನೆ ಮಲಗಿದ್ದರೆ ಕೆಲವೇ ನಿಮಿಷದ ಕೆಲಸ.

ಸೊಗಸೆಂದರೆ, ಎಳೆಗೂಸಿನ ಕಿವಿ ಕೊಡುವ ಮರುದನಿ ದೊಡ್ಡವರದಕ್ಕಿಂತ ಗಟ್ಟಿಯಾಗಿರುತ್ತದೆ. ಕಿವಿಯ ದಾರಿ ಪುಟ್ಟದು, ಸದ್ದು ಅಲ್ಲೇ ಕೂಡಿಕೊಳ್ಳುತ್ತದೆ. ಹೀಗಿದ್ದೂ ಮೊದಲ ದಿನ ಅದು ನಮಗೆ ಸಿಗದೆ ಹೋಗುವುದುಂಟು. ಕಾರಣ ಸರಳ. ನಾವು ಕಳಿಸುವ ಸದ್ದು ಜಿಡ್ಡನ್ನೂ ನೀರನ್ನೂ ದಾಟಿ ಒಳಗೆ ಹೋಗಬೇಕು, ಒಳಗಿನ ಮರುದನಿ ಅದೇ ಜಿಡ್ಡು ಅದೇ ನೀರನ್ನು ದಾಟಿ ಹೊರಗೆ ಬರಬೇಕು. ಎರಡು ಸಲ ತಡೆ. ಒಳಕಿವಿ ಸರಿಯಾಗಿಯೇ ಇದ್ದರೂ ಮಶಿನ್ ‘ರೆಫರ್’ ಎನ್ನುತ್ತದೆ. ಅದೇ ಕೂಸನ್ನು ಎರಡು ಮೂರು ದಿನ ಬಿಟ್ಟು ಪರೀಕ್ಷಿಸಿದರೆ ಮರುದನಿ ಗಟ್ಟಿಯಾಗಿ ಬರುತ್ತದೆ. ನಾನು ಇದನ್ನು ನೋಡುತ್ತಲೇ ಇರುತ್ತೇನೆ. ನೋಡಿದಾಗಲೆಲ್ಲ ಮನಸ್ಸು ತುಂಬುತ್ತದೆ.

ಸೀಜರ್ ಆದ ಕೂಸುಗಳ ವಿಷಯ ಇಲ್ಲಿ ಬೇರೆಯಾಗಿ ಹೇಳಲೇಬೇಕು. ಸಹಜ ಹೆರಿಗೆಯಲ್ಲಿ ಕೂಸು ಇಕ್ಕಟ್ಟಿನ ದಾರಿಯಲ್ಲಿ ಹಿಂಡಿಸಿಕೊಂಡು ಬರುತ್ತದೆ. ಸೀಜರಿನಲ್ಲಿ ಆ ಹಿಂಡಿಕೆ ಇಲ್ಲ, ನಡುಕಿವಿಯ ನೀರು ಇಳಿಯಲು ಹೆಚ್ಚು ಹೊತ್ತು ಬೇಕು ಎಂದು ವೈದ್ಯರು ಕಾರಣ ಕೊಡುತ್ತಾರೆ. ಕಾರಣ ಏನೇ ಇರಲಿ, ಮೊದಲ ಎರಡು ದಿನದೊಳಗೆ ಪರೀಕ್ಷಿಸಿದರೆ ಸೀಜರ್ ಕೂಸುಗಳಲ್ಲಿ ‘ರೆಫರ್’ ಹೆಚ್ಚು ಬರುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡ ಮಾತು. 48 ಗಂಟೆ ದಾಟಿದ ಮೇಲೆ ಆ ವ್ಯತ್ಯಾಸ ಕಡಿಮೆಯಾಗುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಗೆ ಎರಡು ಮೂರು ದಿನ, ಸೀಜರಿಗೆ ಒಂದು ವಾರ ಇರಿಸಿಕೊಳ್ಳುವ ರೂಢಿ ಇದೆ. ಹಾಗಿದ್ದ ಮೇಲೆ ಸೀಜರ್ ಕೂಸಿನ ಕಿವಿಯನ್ನು ಮೊದಲ ದಿನವೇ ಯಾಕೆ ನೋಡಬೇಕು? ಡಿಸ್ಚಾರ್ಜ್ ಮಾಡುವ ಹಿಂದಿನ ದಿನ ನೋಡಿದರೆ ಎಷ್ಟೋ ಅಜ್ಜಿಯರ ಕಣ್ಣೀರು ತಪ್ಪುತ್ತದೆ. ಇದನ್ನು ಆಸ್ಪತ್ರೆ ನಡೆಸುವವರು ಕೇಳಿಸಿಕೊಳ್ಳಲಿ ಎಂದು ನಿಮ್ಮ ಪತ್ರದಲ್ಲಿಯೇ ಬರೆಯುತ್ತಿದ್ದೇನೆ. ನೀವೂ ಕೇಳಬಹುದು: “ಸಿಸ್ಟರ್, ಮನೀಗೆ ಹೋಗೂ ದಿನ ಕಿವಿ ನೋಡ್ರಿ.” ಯಾರೂ ತಪ್ಪು ತಿಳಿಯುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಹುಟ್ಟಿದ ಸಾವಿರ ಕೂಸುಗಳಲ್ಲಿ ಹುಟ್ಟುತ್ತಲೇ ಕಿವಿ ಮಂದವಾಗಿರುವುದು ಒಂದರಿಂದ ಮೂರು ಕೂಸುಗಳಿಗೆ ಎಂದು ಜಗತ್ತಿನ ಅನೇಕ ಕಡೆ ಕಂಡುಬಂದಿದೆ. ಮೊದಲ ದಿನ ಅವಸರದಿಂದ ಪರೀಕ್ಷಿಸಿ, ಸಾವಿರದಲ್ಲಿ ನೂರು ಕೂಸುಗಳಿಗೆ ‘ರೆಫರ್’ ಬಂತು ಎಂದು ಇಟ್ಟುಕೊಳ್ಳಿ. ಆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಕೂಸುಗಳು ಸರಿಯಾಗಿಯೇ ಕೇಳುತ್ತವೆ. ಕಿವಿ ಮಂದವಾಗಿರುವ ಆ ಒಂದರಿಂದ ಮೂರು ಕೂಸುಗಳೂ ಅದೇ ನೂರರ ಗುಂಪಿನಲ್ಲಿ ಸೇರಿಕೊಂಡಿರುತ್ತವೆ. ಹೊರಗಿನಿಂದ ನೋಡಿದರೆ ನಿಮಗೂ ತಿಳಿಯದು, ನನಗೂ ತಿಳಿಯದು. ಅವನ್ನು ಬೇರೆ ಮಾಡುವುದಕ್ಕೆ ಇರುವ ದಾರಿ ಎರಡನೇ ಪರೀಕ್ಷೆ ಒಂದೇ.

‘ರೆಫರ್’ ಎಂಬ ಮಾತು ವಾರ್ಡಿನಲ್ಲಿ ಬೀಳುತ್ತಲೇ ಎರಡು ಥರದ ಗದ್ದಲ ಏಳುತ್ತದೆ. ಒಂದು ಅಳು. ಅಳುವಿನ ಜೊತೆಗೆ ಬಾಣಂತಿಯ ಮೇಲೆ ದೂರು: ಗ್ರಹಣದಲ್ಲಿ ಹೊರಗೆ ಹೋಗಿದ್ದಳು, ಬಸುರಿದ್ದಾಗ ಅದನ್ನು ತಿಂದಳು, ಇದನ್ನು ತಿನ್ನಲಿಲ್ಲ. ಆಯಿಗಳೇ, ಹೊಲಿಗೆಯ ನೋವಿನಲ್ಲಿ ಮಲಗಿರುವ ಹೆಣ್ಣುಮಗಳ ಕಿವಿಗೆ ಆ ಮಾತು ಬೀಳದಂತೆ ನೋಡಿಕೊಳ್ಳಿ. ಬೀಗರು ಅಂದರೂ ನೀವು ಅಡ್ಡ ನಿಲ್ಲಿ. ಅವಳ ಎದೆಹಾಲು ಬತ್ತಿದರೆ ಕೂಸಿಗೆ ನಷ್ಟ. ಗ್ರಹಣಕ್ಕೂ ಕೂಸಿನ ಕಿವಿಗೂ ಯಾವ ಸಂಬಂಧವೂ ಇಲ್ಲ.

ಇನ್ನೊಂದು ಥರ ಇದಕ್ಕೆ ವಿರುದ್ಧ. “ನಮ್ಮ ಕೂಸಿಗೆ ಚಲೋ ಕೇಳತೈತ್ರಿ, ತಾಟು ಬಡದ್ರ ಬೆಚ್ಚಿ ಬೀಳತೈತಿ” ಎನ್ನುತ್ತೀರಿ. ಒಬ್ಬ ಅಜ್ಜಿ ನನ್ನ ಕೋಣೆಯಲ್ಲೇ ಡಬ್ಬಿಯ ಮುಚ್ಚಳ ತೆಗೆದು ಅದರ ಮೇಲೆ ಚಮಚ ಬಡಿದರು. ಕೂಸು ಎರಡೂ ಕೈ ಅಗಲಿಸಿ ಬೆಚ್ಚಿತು. ಅಜ್ಜಿಯ ಮುಖದಲ್ಲಿ ಗೆದ್ದ ಬೆಳಕು. ಆ ಬೆಳಕನ್ನು ಕೆಡಿಸಲು ಯಾರಿಗೆ ಮನಸ್ಸು ಬಂದೀತು? ಆದರೂ ಹೇಳಬೇಕಾಯಿತು. ಮುಚ್ಚಳ ಕೂಸಿನ ಮುಖದ ಹತ್ತಿರವೇ ಇತ್ತು, ಅದರ ಗಾಳಿ ಕೆನ್ನೆಗೆ ತಾಗಿತು, ಮಂಚ ಅದುರಿತು. ಬೆಚ್ಚಲು ಇವು ಸಾಕು. ಅಷ್ಟು ದೊಡ್ಡ ಸದ್ದು ಅರ್ಧ ಕಿವುಡಿರುವ ಕೂಸಿಗೂ ಕೇಳುತ್ತದೆ. ಮಾತು ಕಲಿಯಲು ಬೇಕಾಗುವುದು ತಾಟಿನ ಸದ್ದಲ್ಲ, ‘ಸ’, ‘ತ’, ‘ಕ’ದಂಥ ಮೆಲುದನಿಗಳು. ಒಂದೇ ಕಿವಿ ಕೆಟ್ಟಿದ್ದರಂತೂ ತಾಟು ಬಡಿದು ಗೊತ್ತಾಗುವ ಮಾತೇ ಇಲ್ಲ, ಒಳ್ಳೆಯ ಕಿವಿ ಅದನ್ನು ಮುಚ್ಚಿಟ್ಟುಬಿಡುತ್ತದೆ.

ತಾಟು ಬಡಿಯುವುದು ನಮ್ಮ ಅಜ್ಜಿಯರಷ್ಟೇ ಮಾಡಿದ್ದಲ್ಲ. ಅಮೆರಿಕದ ಡೆನ್ವರ್ ನಗರದಲ್ಲಿ 1960ರ ದಶಕದ ಮೊದಲ ವರ್ಷಗಳಲ್ಲಿ ಮೇರಿಯನ್ ಡೌನ್ಸ್ ಎಂಬ ಮಹಾತಾಯಿ, ಹುಟ್ಟಿದ ಕೂಸುಗಳೆಲ್ಲದರ ಕಿವಿ ನೋಡಬೇಕು ಎಂದು ಹಟ ಹಿಡಿದು ಹೆರಿಗೆ ವಾರ್ಡುಗಳಿಗೆ ಹೋದರು. ಆಗ ಇಂದಿನ ಮಶಿನ್‌ಗಳು ಇರಲಿಲ್ಲ. ಸ್ವಯಂಸೇವಕರು ಕೂಸಿನ ಬಳಿ ಜೋರು ಸದ್ದು ಮಾಡಿ, ಕಣ್ಣು ಮಿಟುಕಿಸಿತೇ, ಮೈ ಅಲುಗಿಸಿತೇ ಎಂದು ನೋಡಿ ಬರೆದುಕೊಂಡರು. ನೋಡುವವರು ಇಬ್ಬರಿದ್ದರೆ ಇಬ್ಬರಿಗೂ ಬೇರೆ ಬೇರೆ ಕಂಡಿತು. ಕೇಳುವ ಕೂಸು ಸುಮ್ಮನಿತ್ತು, ಕೇಳದ ಕೂಸು ಅಲುಗಿತು. ಆ ದಾರಿ ನೆಚ್ಚುವಂಥದ್ದಲ್ಲ ಎಂದು ಕಂಡುಕೊಂಡ ಮೇಲೂ ಅವರು ಕೆಲಸ ಬಿಡಲಿಲ್ಲ. ಉತ್ತಮ ಪರೀಕ್ಷೆ ಬರುವವರೆಗೂ, ಬಂದ ಮೇಲೂ ದಶಕಗಳ ಕಾಲ ಒತ್ತಾಯಿಸುತ್ತಲೇ ಇದ್ದರು. ನೂರು ವರ್ಷ ಬಾಳಿ 2014ರಲ್ಲಿ ತೀರಿಕೊಂಡರು. ನಿಮ್ಮ ತಾಟಿನ ಪರೀಕ್ಷೆಯ ಹಿಂದಿರುವ ಕಾಳಜಿಯೇ ಆಕೆಯದೂ ಆಗಿತ್ತು. ಆ ಕಾಳಜಿಯನ್ನು ಈಗ ಮಶಿನ್ ಇರುವ ಕೋಣೆಯವರೆಗೆ ತನ್ನಿ ಎಂದಷ್ಟೇ ನಾನು ಕೇಳುವುದು.

ಎರಡನೇ ಸಲ ಬಂದಾಗ ಏನು ಮಾಡುತ್ತೇವೆ? ಮೊದಲು ಓಎಇಯನ್ನೇ ಮತ್ತೆ ಮಾಡುತ್ತೇವೆ, ಎರಡೂ ಕಿವಿಗೆ. ಒಂದೇ ಕಿವಿಗೆ ‘ರೆಫರ್’ ಬಂದಿದ್ದರೂ ಎರಡನ್ನೂ ನೋಡಬೇಕು. ಬಹಳ ಕೂಸುಗಳ ಕತೆ ಅಲ್ಲಿಗೇ ಮುಗಿಯುತ್ತದೆ, ‘ಪಾಸ್’ ಎಂದು ಬರುತ್ತದೆ. ಬಾರದಿದ್ದರೆ ದವಾಖಾನೆಯವರು ‘ಬೇರಾ’ ಎಂದು ಕರೆಯುವ ಪರೀಕ್ಷೆ. ಹಣೆಗೂ ಎರಡೂ ಕಿವಿಯ ಹಿಂದೆಯೂ ಸಣ್ಣ ಪಟ್ಟಿ ಅಂಟಿಸಿ, ಸದ್ದು ಕೇಳಿಸಿದಾಗ ಕಿವಿಯ ನರ, ಮಿದುಳಿನ ಬುಡ ಹೇಗೆ ಉತ್ತರ ಕೊಡುತ್ತವೆ ಎಂದು ನೋಡುತ್ತೇವೆ. ಪರದೆಯ ಮೇಲೆ ಸಣ್ಣ ಅಲೆಗಳ ಸಾಲು ಕಾಣುತ್ತದೆ. ನಾವು ಹುಡುಕುವುದು ಐದನೆಯ ಅಲೆಯನ್ನು.

ಇಲ್ಲಿಯೂ ಕೂಸು ದೊಡ್ಡವರಂತಲ್ಲ. ಗಟ್ಟಿ ಸದ್ದು ಕೊಟ್ಟಾಗ ದೊಡ್ಡವರಲ್ಲಿ ಐದನೆಯ ಅಲೆ ಸುಮಾರು 5.5 ಮಿಲಿಸೆಕೆಂಡಿಗೆ ಬರುತ್ತದೆ; ಅಂದರೆ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಐದೂವರೆ ಪಾಲು. ದಿನ ತುಂಬಿ ಹುಟ್ಟಿದ ಕೂಸಿನಲ್ಲಿ ಅದು ಬರುವುದು ಸುಮಾರು 7ಕ್ಕೆ. ಅಲೆ ತಡವಾಯಿತೆಂದರೆ ಕೂಸಿಗೆ ದೋಷವಿದೆ ಎಂದಲ್ಲ. ನರದ ಎಳೆಗಳ ಸುತ್ತ ಕೊಬ್ಬಿನ ಹೊದಿಕೆಯೊಂದು ಕಟ್ಟಿಕೊಳ್ಳುತ್ತಾ ಹೋಗಬೇಕು. ಅದು ಕಟ್ಟಿಕೊಂಡಷ್ಟೂ ಸುದ್ದಿ ಬೇಗ ಮುಟ್ಟುತ್ತದೆ. ಕಿವಿಯ ನರದ ಬುಡದಲ್ಲಿ ಏಳುವ ಮೊದಲ ಅಲೆ ಕೆಲವೇ ವಾರಗಳಲ್ಲಿ ದೊಡ್ಡವರ ಮಟ್ಟಕ್ಕೆ ಹತ್ತಿರ ಬರುತ್ತದೆ. ಒಂದನೆಯ ಅಲೆಗೂ ಐದನೆಯ ಅಲೆಗೂ ನಡುವಿನ ಅಂತರ ಮಾತ್ರ ಸುಮಾರು 5 ಮಿಲಿಸೆಕೆಂಡಿನಿಂದ 4ಕ್ಕೆ ಇಳಿಯಲು ಒಂದೂವರೆ, ಎರಡು ವರ್ಷ ಬೇಕು. ದಿನ ತುಂಬದೆ ಹುಟ್ಟಿದ ಕೂಸಿನ ಅಲೆಗಳು ಇನ್ನೂ ತಡ. ಆದ್ದರಿಂದ ಕೂಸು ಹುಟ್ಟಿದ ತಾರೀಖಿನ ಜೊತೆಗೆ, ಎಷ್ಟು ವಾರಕ್ಕೆ ಹುಟ್ಟಿತು ಎಂಬುದನ್ನೂ ನಾವು ಕೇಳುತ್ತೇವೆ. ‘ತಾಯಿ ಕಾರ್ಡ್’ ತನ್ನಿ ಎಂದು ಗಂಟುಬೀಳುವುದೂ ಇದಕ್ಕೇ. ಅದರಲ್ಲಿ ತಿಂಗಳ ಲೆಕ್ಕ, ಹುಟ್ಟಿದಾಗಿನ ತೂಕ, ಬಸುರಿನಲ್ಲಿ ಬಂದ ಜ್ವರ ಎಲ್ಲ ಬರೆದಿರುತ್ತದೆ.

ಕಾಚಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ ಕೂಸುಗಳ ಅಜ್ಜಿಯರು ಈ ಮುಂದಿನ ಮಾತನ್ನು ಬಹಳ ಮನಸ್ಸಿಟ್ಟು ಓದಬೇಕು. ಓದಲು ಬಾರದಿದ್ದರೆ ಯಾರಿಂದಾದರೂ ಓದಿಸಿಕೊಳ್ಳಿ. ಕಾಮಾಲೆ ಏರಿ ರಕ್ತ ಬದಲಿಸಿದ ಕೂಸು, ಹುಟ್ಟುತ್ತಲೇ ಅಳದೆ ಉಸಿರುಕಟ್ಟಿದ ಕೂಸು, ತೀರ ಕಡಿಮೆ ತೂಕದ ಕೂಸು, ಐದು ದಿನಕ್ಕಿಂತ ಹೆಚ್ಚು ಐಸಿಯುದಲ್ಲಿದ್ದ ಕೂಸು, ಸೋಂಕಿಗೆ ಜೆಂಟಾಮೈಸಿನ್‌ನಂಥ ಸೂಜಿಯನ್ನು ದಿನಗಟ್ಟಲೆ ತೆಗೆದುಕೊಂಡ ಕೂಸು, ಮಿದುಳು ಜ್ವರ ಬಂದ ಕೂಸು, ಇವುಗಳಿಗೆ ಕಿವಿ ಮಂದವಾಗುವ ಭಯ ಉಳಿದ ಕೂಸುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಇವುಗಳಲ್ಲಿ ಕೆಲವಕ್ಕೆ ಓಎಇ ‘ಪಾಸ್’ ಎಂದು ತೋರಿಸಿಯೂ ತೊಂದರೆ ಇರಬಹುದು. ಒಳಕಿವಿಯ ಕೋಶಗಳು ಮರುದನಿ ಕೊಡುತ್ತವೆ, ಆದರೆ ನರ ಆ ಸುದ್ದಿಯನ್ನು ಮಿದುಳಿಗೆ ಸರಿಯಾಗಿ ಒಯ್ಯುವುದಿಲ್ಲ. ಜೋರು ಕಾಮಾಲೆಯಲ್ಲಿ ಪೆಟ್ಟು ತಿನ್ನುವುದು ಹೆಚ್ಚಾಗಿ ಈ ನರದ ದಾರಿಯೇ. ಇಂಥ ಕೂಸಿಗೆ ಬೇರಾ ಆಗಲೇಬೇಕು. ಓಎಇಯ ‘ಪಾಸ್’ ಚೀಟಿ ಕೈಯಲ್ಲಿದ್ದರೂ “ಬೇರಾ ಯಾವಾಗ ಮಾಡ್ತೀರಿ?” ಎಂದು ಕೇಳಿ. ಮನೆಗೆ ಹೋದ ಮೇಲೆ ತಿಂಗಳೊಳಗೆ ಕಾಮಾಲೆ ಏರಿ ಮತ್ತೆ ಸೇರಿಸಬೇಕಾಗಿ ಬಂದರೂ ಕಿವಿಯನ್ನು ಹೊಸದಾಗಿ ನೋಡಿಸಬೇಕು.

ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಕೊಟ್ಟು ತಂದ ಸಂಬಂಧಗಳು ನಮ್ಮ ಕಡೆ ಮನೆಮನೆಯಲ್ಲಿವೆ. ಅದನ್ನು ಆಡಿಕೊಳ್ಳಲು ನಾನು ಬಂದಿಲ್ಲ. ಹುಟ್ಟುಕಿವುಡಿನ ಬಹಳಷ್ಟು ಕಾರಣಗಳು ರಕ್ತದಲ್ಲಿ ಅಡಗಿ ಬರುತ್ತವೆ. ಅಪ್ಪ ಅವ್ವ ಇಬ್ಬರಿಗೂ ಚೆನ್ನಾಗಿ ಕೇಳುತ್ತಿದ್ದರೂ ಇಬ್ಬರ ಕಡೆಯಿಂದಲೂ ಅದೇ ದೋಷ ಕೂಡಿಬಂದಾಗ ಕೂಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಒಳಸಂಬಂಧದಲ್ಲಿ ಹಾಗೆ ಕೂಡಿಬರುವ ಸಾಧ್ಯತೆ ಹೆಚ್ಚು. ನಿಮ್ಮ ಮನೆತನದಲ್ಲಿ ಮಾತು ಬಾರದವರು ಯಾರಾದರೂ ಇದ್ದರೆ, ಎಷ್ಟು ಹಿಂದಿನ ತಲೆಯವರಾದರೂ ಸರಿ, ನಮಗೆ ಹೇಳಿ. ನಿಮಗಿರುವಷ್ಟು ನೆನಪು ಮನೆಯಲ್ಲಿ ಬೇರೆ ಯಾರಿಗೂ ಇಲ್ಲ.

ಇನ್ನು, ಎರಡನೇ ಸಲ ಯಾಕೆ ಬರುವುದಾಗುವುದಿಲ್ಲ ಎಂಬ ಮಾತಿಗೆ ಬರುತ್ತೇನೆ. ಇದರಲ್ಲಿ ನಿಮ್ಮನ್ನು ದೂರುವುದು ಅನ್ಯಾಯ. ಹೆರಿಗೆ ಬೆಳಗಾವಿಯಲ್ಲಿ. ಗಂಡನ ಮನೆ ಒಂದು ಕಡೆ, ತವರು ಇನ್ನೊಂದು ಕಡೆ. ತವರು ಕಣಕುಂಬಿ ದಾರಿಯಲ್ಲಿರಬಹುದು, ಲೋಂಡಾದ ಹತ್ತಿರ ಇರಬಹುದು, ಗಡಿಯಾಚೆ ಚಂದಗಡದಲ್ಲಿರಬಹುದು. ಆಸ್ಪತ್ರೆಯ ಪುಸ್ತಕದಲ್ಲಿ ಬರೆದುಕೊಂಡದ್ದು ಗಂಡನ ಮನೆಯ ವಿಳಾಸ, ಗಂಡನ ಮೊಬೈಲ್ ನಂಬರು. ಅವನು ಗೋವೆಯಲ್ಲಿ ಕೆಲಸಕ್ಕೆ ಹೋಗಿರುತ್ತಾನೆ. ನಾವು ಫೋನ್ ಮಾಡಿದರೆ “ಆಕಿ ತವರಮನ್ಯಾಗ ಅದಾಳ್ರಿ” ಎನ್ನುತ್ತಾನೆ, ತವರಿನ ನಂಬರು ಅವನಿಗೆ ಬಾಯಿಪಾಠ ಇರುವುದಿಲ್ಲ. ಊರಿನ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನಗಳಲ್ಲಿ ಕೂಸನ್ನು ನೋಡಲು ಬರಬೇಕು. ಬಾಣಂತಿ ಒಂದೂರಿನವಳು, ಇರುವುದು ಇನ್ನೊಂದೂರಿನಲ್ಲಿ ಎಂದಾದಾಗ ಎರಡೂ ಊರಿನ ಆಶಾಗಳ ನಡುವೆ ಕೂಸಿನ ಹೆಸರು ಜಾರಿಹೋಗುತ್ತದೆ.

ಅದರ ಮೇಲೆ ಮಳೆ. ಖಾನಾಪುರ ಪೇಟೆಯಿಂದ ಬೆಳಗಾವಿಗೆ ಇರುವುದು ಇಪ್ಪತ್ತಾರು ಕಿಲೋಮೀಟರಿನಷ್ಟು ದಾರಿ, ಬಸ್ಸೂ ಉಂಟು, ರೈಲೂ ಉಂಟು. ಭೀಮಗಡದ ಕಾಡಿನೊಳಗಿನ ಗವಾಳಿ, ಕೊಂಗಳಾ, ಪಾಸ್ತೋಳಿ, ಆಮಗಾಂವದಂಥ ಊರುಗಳಿಗೆ ಆ ಲೆಕ್ಕ ಹೊಂದುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಹಳ್ಳ ತುಂಬಿದರೆ ಕಾಯಿಲೆಯವರನ್ನೇ ದಾಟಿಸುವುದು ಕಷ್ಟ. ಹಾಲು ಕುಡಿದು ನಗುತ್ತಿರುವ ಕೂಸನ್ನು ಕಿವಿ ಪರೀಕ್ಷೆಗೆಂದು ಯಾರು ಹೊರಡಿಸುತ್ತಾರೆ? ಇಂಥ ಊರಿನ ಬಾಣಂತಿಯನ್ನು ‘ನಗು-ಮಗು’ ಗಾಡಿಯಲ್ಲಿ ಮನೆಗೆ ಕಳಿಸುವ ಮೊದಲೇ, ಬೇಕಾದರೆ ಎರಡು ದಿನ ಹೆಚ್ಚು ಇರಿಸಿಕೊಂಡು, ಎರಡನೇ ಪರೀಕ್ಷೆಯನ್ನೂ ಮುಗಿಸಿ ಕಳಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೇರಳದ ಕೊಚ್ಚಿಯಲ್ಲಿ ಮಕ್ಕಳ ವೈದ್ಯರು 2003ರಲ್ಲಿ ಒಂದು ಏರ್ಪಾಡು ಮಾಡಿದರು. ಪ್ರತಿ ಆಸ್ಪತ್ರೆಗೂ ಮಶಿನ್ ಕೊಳ್ಳುವ ಬದಲು, ಒಬ್ಬರು ಮಶಿನ್ ಹಿಡಿದುಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಕೂಸುಗಳನ್ನು ನೋಡಿ ಬರುತ್ತಾರೆ. ಓಎಇ ಮಶಿನ್ ಕೈಯಲ್ಲಿ ಹಿಡಿಯುವಷ್ಟು ಸಣ್ಣದು. ಜಾಂಬೋಟಿಗೆ, ನಂದಗಡಕ್ಕೆ, ಇಟಗಿಗೆ ಲಸಿಕೆಯ ದಿನ ಅದು ಬರಲಾರದೇ? 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಕಿವುಡು ಪತ್ತೆ ಮಾಡುವುದೂ ಸೇರಿದೆ. ಗ್ರಾಮಸಭೆಯಲ್ಲಿ ನೀವು ಎದ್ದು ನಿಂತು ಕೇಳಿದರೆ ನನ್ನಂಥವರು ಬರೆದ ಹತ್ತು ಅರ್ಜಿಗಿಂತ ಅದಕ್ಕೆ ಹೆಚ್ಚು ಬಲ.

ಅವಸರ ಯಾಕೆ, ಕೂಸು ದೊಡ್ಡದಾಗಲಿ, ಮಾತು ತಡವಾದರೆ ನೋಡೋಣ ಎನ್ನುವವರಿದ್ದೀರಿ. “ಇವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು” ಎಂಬ ಮಾತನ್ನು ಎಷ್ಟೋ ಬಾಯಿಯಿಂದ ಕೇಳಿದ್ದೇನೆ. ಮೂರು ವರ್ಷ ಕಾದರೆ ಹೋದ ಕಾಲ ಮರಳಿ ಬರುವುದಿಲ್ಲ. ಮಿದುಳು ಮಾತನ್ನು ಕಲಿಯಲು ಹೆಚ್ಚು ಹಸಿದಿರುವುದು ಮೊದಲ ಎರಡು ಮೂರು ವರ್ಷಗಳಲ್ಲಿ. ಅಮೆರಿಕದ ಕೊಲರಾಡೊದಲ್ಲಿ ಕ್ರಿಸ್ಟೀನ್ ಯೊಶಿನಾಗ-ಇಟಾನೊ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ ಅಧ್ಯಯನ, ಆರು ತಿಂಗಳೊಳಗೆ ಪತ್ತೆಯಾಗಿ ನೆರವು ಸಿಕ್ಕ ಮಕ್ಕಳು ಆಮೇಲೆ ಪತ್ತೆಯಾದವರಿಗಿಂತ ಭಾಷೆಯಲ್ಲಿ ಎಷ್ಟೋ ಮುಂದಿದ್ದರು ಎಂದು ತೋರಿಸಿತು. ಅಲ್ಲಿಂದಾಚೆ ವೈದ್ಯರು ಹಿಡಿದುಕೊಂಡ ಲೆಕ್ಕ ಒಂದು, ಮೂರು, ಆರು: ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಕಿವಿಯ ಸ್ಥಿತಿ ಖಚಿತ, ಆರು ತಿಂಗಳೊಳಗೆ ನೆರವು ಶುರು. ನಿಮ್ಮ ಮನೆಯಲ್ಲಿ ಬಾಣಂತನ ಮುಗಿದು ಮಗಳನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆ ಇದರ ಮೊದಲೆರಡು ಹೆಜ್ಜೆ ಮುಗಿದಿರಬೇಕು.

ಒಂದು ವೇಳೆ ಕಿವಿ ಮಂದ ಎಂದೇ ಖಚಿತವಾದರೆ? ಬಾಗಿಲು ಮುಚ್ಚಿತು ಎಂದುಕೊಳ್ಳಬೇಡಿ. ಕೆಲವೇ ತಿಂಗಳ ಕೂಸಿಗೂ ಕಿವಿಯ ಮಶಿನ್ ಹಾಕಬಹುದು. ಅದರಿಂದ ಸಾಲದಷ್ಟು ಮಂದವಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶಸ್ತ್ರಚಿಕಿತ್ಸೆ ಇದೆ. ಲಕ್ಷಗಟ್ಟಲೆ ಖರ್ಚಿನ ಆ ಕೆಲಸಕ್ಕೆ ಬಡ ಮಕ್ಕಳಿಗೆ ಕೇಂದ್ರದ ‘ಅಡಿಪ್’ ಯೋಜನೆ ಇದೆ, ನಮ್ಮ ರಾಜ್ಯದ ‘ಶ್ರವಣ ಸಂಜೀವಿನಿ’ ಇದೆ. ಎರಡೂ ಚಿಕ್ಕ ವಯಸ್ಸಿನ ಮಕ್ಕಳಿಗೆ. ವಯಸ್ಸು ಮೀರಿದರೆ ಸಿಗುವುದು ಕಷ್ಟ, ಸಿಕ್ಕರೂ ಫಲ ಕಡಿಮೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನರ ಬಾಯಲ್ಲಿ ‘ಆಯಿಷ್’, ಇಂಥ ಮಕ್ಕಳ ತಾಯಂದಿರಿಗೂ ಮಾತು ಕಲಿಸುವ ಬಗೆಯನ್ನು ಹೇಳಿಕೊಡುತ್ತಾ ಬಂದಿದೆ. ಕೈಸನ್ನೆಯ ಭಾಷೆಯೂ ಪೂರ್ಣ ಭಾಷೆಯೇ. ಅದನ್ನು ಕಲಿತ ಮಕ್ಕಳು ಓದಿ, ದುಡಿದು, ಸಂಸಾರ ನಡೆಸುತ್ತಿದ್ದಾರೆ. ಯಾವ ದಾರಿಯಾದರೂ ಸರಿ, ಬೇಗ ಹಿಡಿಯಬೇಕು.

ಐದನೇ ದಿನ ಸಟವಿ ಪೂಜೆ ಮಾಡಿ, ಕೂಸಿನ ಹಣೆಬರಹ ಬರೆಯಲಿ ಎಂದು ಹಾಳೆ, ಪೆನ್ನು ಇಡುತ್ತೀರಿ. ಹನ್ನೆರಡಕ್ಕೋ ಹದಿಮೂರಕ್ಕೋ ತೊಟ್ಟಿಲಿಗೆ ಹಾಕುತ್ತೀರಿ, ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುತ್ತಾಳೆ, ಬೆನ್ನಿಗೆ ಗುದ್ದು ತಿನ್ನುತ್ತಾಳೆ, ಮನೆ ತುಂಬ ನಗು. ಈ ಶಾಸ್ತ್ರಗಳ ಯಾದಿಯಲ್ಲಿ ಎರಡನೇ ಕಿವಿ ಪರೀಕ್ಷೆಯನ್ನೂ ಸೇರಿಸಿಕೊಳ್ಳಿ. ತೊಟ್ಟಿಲು ಮುಗಿದ ವಾರದಲ್ಲಿ ಬಂದರೆ ಸರಿಯಾದ ಹೊತ್ತು. ಆ ವೇಳೆಗೆ ಕಿವಿಯ ನೀರು ಬಹುತೇಕ ಇಳಿದಿರುತ್ತದೆ, ಕೂಸು ಇನ್ನೂ ಹೆಚ್ಚು ಹೊತ್ತು ಮಲಗುವ ವಯಸ್ಸಿನಲ್ಲಿರುತ್ತದೆ. ನಿದ್ದೆಗೆ ಔಷಧ ಕೊಡಬೇಕಾಗಿಲ್ಲ. ಎಂಟು ತಿಂಗಳಿಗೆ ಬಂದರೆ ಅದೇ ಕೂಸು ಪಟ್ಟಿಗಳನ್ನೆಲ್ಲ ಕಿತ್ತೆಸೆಯುತ್ತದೆ.

ಬರುವ ಮೊದಲಿನ ದಿನಗಳಲ್ಲಿ ಒಂದು ಉಪಕಾರ ಮಾಡಿ: ಕಿವಿಗೆ ಎಣ್ಣೆ ಬಿಡಬೇಡಿ. ಬೆಳ್ಳುಳ್ಳಿ ಹಾಕಿ ಕಾಯಿಸಿದ್ದಾದರೂ ಬೇಡ, ಬರೀ ಕೊಬ್ಬರಿ ಎಣ್ಣೆಯಾದರೂ ಬೇಡ. ಅದು ಒಳಗಿನ ಜಿಡ್ಡಿನ ಜೊತೆ ಕೂಡಿ ದಾರಿ ಕಟ್ಟುತ್ತದೆ, ಸೋಂಕಿಗೂ ಕಾರಣವಾಗುತ್ತದೆ. ನಮ್ಮ ಮಶಿನ್ ಮತ್ತೆ ‘ರೆಫರ್’ ಎನ್ನುತ್ತದೆ, ನೀವು ಮೂರನೇ ಸಲ ಬಸ್ಸು ಹತ್ತಬೇಕಾಗುತ್ತದೆ. ಕಡ್ಡಿ, ಪಿನ್ನು ಹಾಕುವುದಂತೂ ಬೇಡವೇ ಬೇಡ. ತಂಪುಗಾಳಿಗೆ ಕುಂಚಿಗೆ ಕಟ್ಟಿ, ಬೇಡ ಎನ್ನುವುದಿಲ್ಲ. ಒಳಗೆ ಹತ್ತಿ ತುರುಕಬೇಡಿ.

ಬರುವ ದಿನ ಕೂಸಿಗೆ ಎರೆಯಿರಿ, ಆದರೆ ತಲೆಗೆ, ಹಣೆಗೆ ಎಣ್ಣೆ ಉಳಿಯದಂತೆ ಒರೆಸಿಕೊಂಡು ಬನ್ನಿ. ದೃಷ್ಟಿ ಬೊಟ್ಟನ್ನು ಹಣೆಯ ನಡುವೆ ಇಡದೆ ಕೆನ್ನೆಗೋ ಅಂಗಾಲಿಗೋ ಇಡಿ. ಎಣ್ಣೆ, ಕಾಡಿಗೆ ಇದ್ದಲ್ಲಿ ನಮ್ಮ ಪಟ್ಟಿ ಹಿಡಿಯುವುದಿಲ್ಲ. ದಾರಿಯಲ್ಲಿ ಬಸ್ಸಿನಲ್ಲೇ ಹಾಲು ಕುಡಿಸಿ ಮಲಗಿಸಿಬಿಡಬೇಡಿ, ನಮ್ಮ ಸರದಿ ಬರುವಷ್ಟರಲ್ಲಿ ಎದ್ದುಬಿಡುತ್ತದೆ. ಇಲ್ಲಿಗೆ ಬಂದ ಮೇಲೆ ಮೂಲೆಯ ಪರದೆಯ ಹಿಂದೆ ಕುಳಿತು ಕುಡಿಸಲು ಮಗಳಿಗೆ ಹೇಳಿ. ಹೊಟ್ಟೆ ತುಂಬಿದ ಕೂಸು ಮಲಗುತ್ತದೆ, ಫ್ಯಾನ್ ಆರಿಸುತ್ತೇವೆ, ಕೆಲಸ ಸಲೀಸು. ತಾಯಿ ಕಾರ್ಡ್, ಡಿಸ್ಚಾರ್ಜ್ ಕಾಗದ, ಮೊದಲ ಪರೀಕ್ಷೆಯ ಚೀಟಿ ಜೊತೆಗಿರಲಿ.

ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನವೇ ಇನ್ನೊಂದು ಕೆಲಸ ಮಾಡಿ. ತಾಯಿ ಕಾರ್ಡಿನ ಹಿಂಭಾಗದಲ್ಲಿ ತವರಿನ ಊರು, ಅಲ್ಲಿನ ಆಶಾ ಕಾರ್ಯಕರ್ತೆಯ ಹೆಸರು, ನಿಮ್ಮ ಮನೆಯಲ್ಲಿ ದಿನವೂ ಹತ್ತುವ ಒಂದು ಫೋನ್ ನಂಬರನ್ನು ಬರೆಸಿ. ಅದನ್ನೇ ಸಿಸ್ಟರ್ ಹತ್ತಿರವಿರುವ ಪುಸ್ತಕದಲ್ಲೂ ಬರೆಸಿ. ಮೊಮ್ಮಗನದಾದರೂ ಸರಿ, ಪಕ್ಕದ ಕಿರಾಣಿ ಅಂಗಡಿಯವರದಾದರೂ ಸರಿ. ನಿಮ್ಮ ಊರಿನ ಹಳ್ಳ ತುಂಬುವ ತಿಂಗಳಾದರೆ ಅದನ್ನೂ ಅಲ್ಲಿಯೇ ಹೇಳಿ, ಹಳ್ಳ ಇಳಿಯುವ ವಾರ ನೋಡಿ ತಾರೀಖು ಕೊಡುತ್ತೇವೆ.

ಇಂತಿ ನಿಮ್ಮ,
ಕೂಸುಗಳ ಕಿವಿ ನೋಡುವ ಕೆಲಸದವರು,
ಕೋಟೆ ಭಾಗ, ಬೆಳಗಾವಿ